ಶಟರ್ ಇಳಿಸಿ ಕೇಳುತ್ತಿದ್ದವರು

ಮೂಡಲಪಾಳ್ಯದ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರೂ ಅವರನ್ನು ಸೌಂಡಣ್ಣ ಎಂದೇ ಕರೆಯುತ್ತಿದ್ದರು. ಸ್ಕೂಟರಿಗೆ ಕಂಪನಿಯವರು ಕೊಟ್ಟ ಸೈಲೆನ್ಸರ್ ಬಿಚ್ಚಿ, ಹೊರಗಿನಿಂದ ತಂದದ್ದನ್ನು ಕೂರಿಸಿ, ಅದಕ್ಕೆ ತಕ್ಕಂತೆ ಎಂಜಿನ್ನನ್ನು ಹದ ಮಾಡಿಕೊಡುವುದು ಅವರ ಕಸುಬು. ನಿಜವಾದ ಹೆಸರು ನನಗೆ ಗೊತ್ತು. ಅವರ ಮನೆಯವರು ಬೇಡವೆಂದಿರುವುದರಿಂದ ಬರೆಯುವುದಿಲ್ಲ. ಕಳೆದ ಚಳಿಗಾಲದ ಒಂದು ಗುರುವಾರ ಮಧ್ಯಾಹ್ನ ಅವರು ತಮ್ಮ ಅಂಗಡಿಯೊಳಗೇ, ಶಟರ್ ನೆಲಮುಟ್ಟ ಎಳೆದುಕೊಂಡು, ಓಡುತ್ತಿದ್ದ ಸ್ಕೂಟರಿನ ಹೊಗೆಯಲ್ಲಿ ತೀರಿಕೊಂಡರು. ಬೇಕೆಂದೇ ಮಾಡಿಕೊಂಡರು ಎಂದು ಬೀದಿ ಸಂಜೆಯೊಳಗೆ ತೀರ್ಮಾನಿಸಿತು. ಅಲ್ಲವೆಂದು ಖಚಿತವಾಗಿ ಹೇಳಬಲ್ಲವನು ನಾನೊಬ್ಬನೇ ಇದ್ದೆ. ಅದನ್ನು ಹೇಳಬೇಕಾದರೆ ಮೊದಲು ಇನ್ನೊಂದನ್ನು ಹೇಳಬೇಕಾಗಿತ್ತು. ಹಾಗಾಗಿ ಹತ್ತು ದಿನ ಸುಮ್ಮನಿದ್ದೆ.

ಹೆದರಿಕೆ ನನಗೆ ಪಿತ್ರಾರ್ಜಿತ. ಗ್ಯಾಸ್ ಸಿಲಿಂಡರನ್ನು ಮಲಗುವ ಮುಂಚೆ ಮೂರು ಸಲ ಮುಟ್ಟಿ ನೋಡುತ್ತೇನೆ. ವಿಜಯನಗರದ ತನಕ ಹೋದವನು ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸ್ಸು ಬಂದು, ಬೀಗ ಇರುವುದನ್ನು ಕಂಡು, ಅದು ನಮ್ಮದೇ ಬೀಗವೇ ಎಂದು ಅನುಮಾನಪಟ್ಟದ್ದೂ ಉಂಟು. ಜೇಬಿನಲ್ಲಿ ಸದಾ ಒಂದು ಜಿಪ್ ಚೀಲ, ಅದರ ತುಂಬ ಮಾತ್ರೆ. "ನಿಮ್ಗೆ ಹೆದ್ರಿಕೊಳ್ಳಕ್ಕೆ ದಿನಕ್ಕೊಂದು ಸಬ್ಜೆಕ್ಟ್ ಬೇಕು. ಸಿಗ್ಲಿಲ್ಲ ಅಂದ್ರೆ ಯಾಕೆ ಸಿಗ್ಲಿಲ್ಲ ಅಂತ ಹೆದರ್ತೀರ," ಎನ್ನುತ್ತಾಳೆ ನನ್ನ ಹೆಂಡತಿ. ಹೊಟ್ಟೆಪಾಡಿಗೆ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತೇನೆ. ಅಂದರೆ ಇಪ್ಪತ್ತಾರು ವರ್ಷಗಳಿಂದ ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ 'ಕಾರ್ಬನ್ ಮಾನಾಕ್ಸೈಡ್: ಬಣ್ಣವಿಲ್ಲ, ವಾಸನೆಯಿಲ್ಲ, ವಿಷ' ಎಂದು ಬರೆದು, ಅಡಿಗೆರೆ ಎಳೆದು, ಕೈಯ ಸೀಮೆಸುಣ್ಣ ಕೊಡವಿಕೊಂಡು ಮನೆಗೆ ಬರುವವನು.

ಸೌಂಡಣ್ಣನವರ ಅಂಗಡಿ ನಮ್ಮ ಮನೆಯ ಎದುರು ಕಟ್ಟಡದ ಕೆಳಗಿನ ಮಳಿಗೆಯಲ್ಲಿತ್ತು. ಒಂದು ಸ್ಕೂಟರ್ ನಿಲ್ಲಿಸಿ ಸುತ್ತ ಕೂತು ಕೆಲಸ ಮಾಡುವಷ್ಟು ಅಗಲ. ಹಿಂದಿನ ಗೋಡೆಯಲ್ಲಿ ಹೊಗೆ ಎಳೆಯುವ ಒಂದು ಫ್ಯಾನು. ಅದು ಬಿಟ್ಟರೆ ಕಿಟಕಿಯಿಲ್ಲ. ಅಂಗಡಿ ತೆರೆದ ಮೊದಲ ವಾರದಿಂದಲೇ ನಾಗರಭಾವಿ, ಚಂದ್ರಾ ಲೇಔಟ್ ಕಡೆಯ ಹುಡುಗರು ಸ್ಕೂಟರ್ ತಂದು ಸಾಲಾಗಿ ನಿಲ್ಲಿಸತೊಡಗಿದರು. ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಸಂಜೆಯವರೆಗೂ ಗುರ್ ಗುರ್. ನಮ್ಮ ಷೋಕೇಸಿನ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಸದ್ದಿಗೆ ಹೊಡೆದುಕೊಳ್ಳುತ್ತಿದೆಯೋ, ಹೃದಯವೇ ಹಾಗೆ ಆಗಿದೆಯೋ ಎಂದು ಯೋಚಿಸಿ ಇನ್ನಷ್ಟು ಹೊಡೆದುಕೊಳ್ಳುತ್ತಿತ್ತು.

ಎರಡನೇ ತಿಂಗಳು ಪೊಲೀಸ್ ಠಾಣೆಗೆ ಒಂದು ಅರ್ಜಿ ಬರೆದೆ. ವೃದ್ಧರು, ಹೃದ್ರೋಗಿಗಳು, ಬಾಣಂತಿಯರು, ಪರೀಕ್ಷೆಗೆ ಓದುವ ಮಕ್ಕಳು, ಯಾರನ್ನೂ ಬಿಡಲಿಲ್ಲ. ಕೊನೆಗೆ ಸಹಿ ಹಾಕುವಾಗ ಕೈ ನಿಂತಿತು. ಹುಡುಗರು ಕಲ್ಲು ಹೊಡೆದಾರು, ಗಾಡಿ ಪಂಕ್ಚರ್ ಮಾಡಿಯಾರು. 'ನೊಂದ ನಿವಾಸಿಗಳು' ಎಂದು ಬರೆದು ಅಂಚೆಗೆ ಹಾಕಿದೆ. ಬೀದಿಯಲ್ಲಿ ಇನ್ಯಾರನ್ನೂ ಕೇಳಿರಲಿಲ್ಲ.

ಪೊಲೀಸರು ಬಂದರು. ಗೋಡೆಗೆ ನೇತುಹಾಕಿದ್ದ ನಾಲ್ಕು ಸೈಲೆನ್ಸರುಗಳನ್ನು ಜೀಪಿನಲ್ಲಿ ಹಾಕಿಕೊಂಡರು. ನಾನು ಕರ್ಟನ್ ಸಂದಿಯಿಂದ ನೋಡುತ್ತಿದ್ದೆ. ಸೌಂಡಣ್ಣ ವಾದ ಮಾಡಲಿಲ್ಲ. ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಹೂಂ ಹೂಂ ಎಂದು ತಲೆಯಾಡಿಸಿದರು. ಜೀಪು ಹೋದ ಮೇಲೆ ರಸ್ತೆಯ ನಡುವೆ ನಿಂತು ಎರಡೂ ಬದಿಯ ಮನೆಗಳನ್ನು ಒಂದೊಂದಾಗಿ ನೋಡಿದರು.

ಮಾರನೆಯ ದಿನದಿಂದ ಅವರು ಶಟರ್ ಇಳಿಸತೊಡಗಿದರು.

ದಿನವಿಡೀ ಅಲ್ಲ. ಬಿಚ್ಚುವುದು, ಕೂರಿಸುವುದು, ಬೋಲ್ಟು ಬಿಗಿಮಾಡುವುದು ಎಲ್ಲ ಬಾಗಿಲು ತೆರೆದೇ. ಎಂಜಿನ್ ಓಡಿಸಿ ಸದ್ದು ಹದ ಮಾಡುವ ಹೊತ್ತಿಗೆ ಮಾತ್ರ ಒಳಗೆ ನಿಂತು ಶಟರ್ ಎಳೆದುಕೊಳ್ಳುತ್ತಿದ್ದರು. ಮೊದಲ ದಿನ ಅರ್ಧ. ಆಮೇಲೆ ಒಂದು ಗೇಣು ಬಿಟ್ಟು. ಆಮೇಲೆ ಪೂರ್ತಿ. ಆದರೂ ಅಡಿಯ ಸಂದಿಯಿಂದ ಸದ್ದು ಸೋರುತ್ತದೆ ಎನಿಸಿತೋ ಏನೋ, ಒಂದು ಹಳೆಯ ಕಂಬಳಿಯನ್ನು ಸುರುಳಿ ಸುತ್ತಿ ಒಳಗಿನಿಂದ ಒತ್ತಿ ಇಡತೊಡಗಿದರು. ನಮ್ಮ ಷೋಕೇಸಿನ ಲೋಟಗಳು ಸುಮ್ಮನಾದವು. ಕಾನೂನು ಕೆಲಸ ಮಾಡುತ್ತದೆ ಎಂದು ನಾನು ಹೆಂಡತಿಗೆ ಹೇಳಿದೆ.

ಅವರ ಜೊತೆ ಮೊದಲ ಸಲ ಮಾತಾಡಿದ್ದು ಇದಾಗಿ ಮೂರು ತಿಂಗಳಿಗೆ. ನನ್ನ ಹಳೆಯ ಸ್ಕೂಟರಿನ ಸೈಲೆನ್ಸರ್ ತುಕ್ಕು ಹಿಡಿದು ತೂತು ಬಿದ್ದು, ಕಾಲೇಜಿನ ಗೇಟಿನಲ್ಲಿ ನನ್ನನ್ನು ಕಂಡರೆ ವಾಚ್‌ಮನ್ ಕಿವಿ ಮುಚ್ಚಿಕೊಳ್ಳುವಂತಾಗಿತ್ತು. ಆ ಮಾಡೆಲ್ಲಿನ ಕಂಪನಿ ಸೈಲೆನ್ಸರ್ ಎಲ್ಲೂ ಸಿಗಲಿಲ್ಲ. ಸದ್ದಿನ ಮೇಲೆ ಅರ್ಜಿ ಬರೆದವನು ಇಡೀ ರಸ್ತೆಗೆ ಕೇಳಿಸುವಂತೆ ಸದ್ದು ಮಾಡುತ್ತಾ ಹೋಗಿ ಅವರ ಅಂಗಡಿಯ ಮುಂದೆ ನಿಂತೆ.

"ಬನ್ನಿ ಸಾರ್. ಎದುರು ಮನೆ ಲೆಕ್ಚರರ್ ಅಲ್ವಾ? ಬರ್ತಾ ಇರೋದು ಅಲ್ಲಿಂದ್ಲೇ ಗೊತ್ತಾಯ್ತು," ಎಂದು ನಕ್ಕರು. ನಲವತ್ತೈದರ ಆಸುಪಾಸು, ಬಡಕಲು ಮೈ, ಬಲಗಿವಿಯ ಮೇಲೆ ಪೆನ್ನು ಇಡುವ ಕಡೆ ಒಂದು ಸಣ್ಣ ಸ್ಕ್ರೂಡ್ರೈವರ್. "ಈಗ ನಮ್ ಸೌಂಡು ನಿಮ್ಗೆ ತೊಂದ್ರೆ ಆಗ್ತಿಲ್ಲ ತಾನೇ?"

"ಛೆ ಛೆ, ಇಲ್ಲ."

"ಯಾರೋ ಕಂಪ್ಲೇಂಟ್ ಬರ್ದಿದ್ರು ಸಾರ್. ಅವ್ರದ್ದೇನೂ ತಪ್ಪಿಲ್ಲ ಬಿಡಿ, ವಯಸ್ಸಾದವ್ರು ಇರ್ತಾರೆ."

"ಯಾರು ಅಂತ ಗೊತ್ತಾಯ್ತಾ?" ಎಂದು ಕೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ರೋಡವ್ರೆಲ್ಲ ಸೇರ್ಕೊಂಡು ಬರ್ದಿದ್ದಂತೆ. ಒಬ್ರು ಅಂದಿದ್ರೆ ಅವ್ರ ಮನೆಗೇ ಹೋಗಿ, ಸಾರಿ ಅಂದು, ನೀವು ಮಲ್ಗೋ ಟೈಮ್ ಯಾವ್ದು ಹೇಳಿ, ಆ ಟೈಮಲ್ಲಿ ಗಾಡಿ ಮುಟ್ಟಲ್ಲ ಅಂತಿದ್ದೆ. ಎಲ್ರಿಗೂ ಕೋಪ ಅಂದ್ರೆ ಯಾರ ಹತ್ರ ಹೋಗ್ಲಿ ಸಾರ್? ಅದ್ಕೆ ಶಟರ್ ಹಾಕ್ಬಿಟ್ಟೆ."

ನಾನೇ ಎಂದು ಹೇಳಬಹುದಾಗಿತ್ತು. ಆ ಮನುಷ್ಯ ಕಲ್ಲು ಹೊಡೆಯುವವರಲ್ಲ ಎಂಬುದು ಆ ಹೊತ್ತಿಗೆ ಎಂಥವನಿಗೂ ತಿಳಿಯುತ್ತಿತ್ತು. "ಒಳ್ಳೇದು ಮಾಡಿದ್ರಿ," ಎಂದೆ.

ಅವರು ಕೆಲಸ ಮಾಡುವುದನ್ನು ಅವತ್ತು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ಹಳೆಯದನ್ನು ಬಿಚ್ಚಿದರು. ಎಂಜಿನ್ನಿನ ಬಾಯಿಗೆ ಹೊಸ ತಾಮ್ರದ ವಾಷರ್ ಇಟ್ಟರು. ಹೊಸ ಪೈಪನ್ನು ಕೂರಿಸಿ, ನಟ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿ ಸಡಿಲವಾಗಿ ಬಿಟ್ಟು, ಪೈಪನ್ನು ಮೆಲ್ಲಗೆ ಅಲ್ಲಾಡಿಸಿ, ಅದು ತಾನಾಗಿ ಒಂದು ಕಡೆ ನಿಲ್ಲುವ ತನಕ ಕಾದರು. ಆಮೇಲೆಯೇ ಸ್ಪ್ಯಾನರ್ ಮುಟ್ಟಿದ್ದು. "ಎಳ್ದು ಬಿಗೀಬಾರ್ದು ಸಾರ್. ಇಷ್ಟ ಇಲ್ದೆ ಕೂತ್ರೆ ಒಂದಿನ ಬಿರುಕು ಬಿಡತ್ತೆ." ಎಂಜಿನ್ ಶುರು ಮಾಡಿ, ಒಂದು ಊದುಬತ್ತಿ ಹಚ್ಚಿ, ಕೂಡುವ ಜಾಗದ ಸುತ್ತ ಹಿಡಿದರು. ಎಲ್ಲಾದರೂ ಗಾಳಿ ಸೋರುತ್ತಿದ್ದರೆ ಊದುಬತ್ತಿಯ ಹೊಗೆ ಅಲ್ಲಿ ಬೆಚ್ಚುತ್ತದೆ. ಸೋರುತ್ತಿರಲಿಲ್ಲ.

ಆಮೇಲೆ ಶಟರ್ ಎಳೆದರು. ಕಂಬಳಿ ಒತ್ತಿದರು. ಫ್ಯಾನಿನ ಸ್ವಿಚ್ಚನ್ನೂ ಆರಿಸಿದರು.

"ಫ್ಯಾನ್ ಯಾಕೆ?"

"ಅದು ಬಡ್ಕೋತಿದ್ರೆ ಗಾಡಿ ಏನ್ ಹೇಳ್ತಿದೆ ಅಂತ ಗೊತ್ತಾಗಲ್ಲ ಸಾರ್. ಐದೇ ನಿಮಿಷ."

ಐದೇ ನಿಮಿಷ ಎನ್ನುವುದು ಅವರ ಮಾತಿನ ರೂಢಿ. ಅವತ್ತು ಆಗಾಗ ಆರಿಸಿ, ಮತ್ತೆ ಓಡಿಸಿ, ಮುಕ್ಕಾಲು ಗಂಟೆಯಾಯಿತು. ಹೊಸ ಸೈಲೆನ್ಸರ್ ಹೊಗೆಯನ್ನು ಸಲೀಸಾಗಿ ಬಿಟ್ಟುಬಿಡುವುದರಿಂದ ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಬರುತ್ತದಂತೆ. ಅದಕ್ಕಾಗಿ ಕಾರ್ಬ್ಯುರೇಟರಿನೊಳಗಿನ ಜೆಟ್ ಎಂಬ ಹಿತ್ತಾಳೆಯ ಸಣ್ಣ ಚೂರನ್ನು ತೆಗೆದು, ಒಂದು ಕೂದಲೆಳೆ ದೊಡ್ಡ ತೂತಿನದನ್ನು ಹಾಕಿ, ಪಕ್ಕದ ಸ್ಕ್ರೂವನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸುತ್ತಾ ಹೋಗಬೇಕು. ಅವರ ಬಳಿ ಯಾವ ಮೀಟರೂ ಇರಲಿಲ್ಲ. ಕಣ್ಣು ಮುಚ್ಚಿ, ಎಡಗೈಯ ತೋರುಬೆರಳನ್ನು ಮೇಲೆತ್ತಿ ಕೂರುತ್ತಿದ್ದರು. ಆಕ್ಸಿಲರೇಟರ್ ಬಿಟ್ಟಾಗ ಪಟ್ ಎಂದು ಒಂದು ಸಣ್ಣ ಸಿಡಿತ ಬಂದರೆ ಬೆರಳು ಬಾಗುತ್ತಿತ್ತು. ಮತ್ತೆ ಸ್ಕ್ರೂ, ಮತ್ತೆ ಬೆರಳು. ಕೊನೆಗೊಮ್ಮೆ ಬೆರಳು ಹಾಗೆಯೇ ನೆಟ್ಟಗೆ ನಿಂತಿತು. ಎಂಜಿನ್ ತೃಪ್ತಿಯಾಗಿ ಉಂಡವರ ಹಾಗೆ ಒಂದೇ ಸಮನೆ ಗುನುಗುತ್ತಿತ್ತು.

ಅಷ್ಟರಲ್ಲಿ ಪೈಪಿನ ಬಾಗು ನೀಲಿಗೆ ತಿರುಗಿತ್ತು. "ಸಾರ್, ನೀವು ಕೆಮಿಸ್ಟ್ರಿ ಅಂತಾರೆ. ಇದ್ಯಾಕೆ ನೀಲಿ ಆಗತ್ತೆ?" ಎಂದು ಕೇಳಿದರು. ಕೇಳಿದವರನ್ನು ಬಿಡುವ ಜಾಯಮಾನ ನಮ್ಮದಲ್ಲ. ಕಾದ ಉಕ್ಕಿನ ಮೇಲೆ ಆಕ್ಸೈಡಿನ ಪದರ, ಅದರ ದಪ್ಪ, ಅದರಲ್ಲಿ ಬೆಳಕಿನ ಆಟ, ಎಲ್ಲವನ್ನೂ ಹತ್ತು ನಿಮಿಷ ವಿವರಿಸಿದೆ. ಮುಚ್ಚಿದ ಶಟರಿನ ಒಳಗೆ, ಆರಿಸಿದ ಫ್ಯಾನಿನ ಕೆಳಗೆ, ಓಡುತ್ತಿರುವ ಎಂಜಿನ್ನಿನ ಪಕ್ಕದಲ್ಲಿ ಕೂತು ಪೈಪಿನ ಹೊರಮೈಯ ರಸಾಯನಶಾಸ್ತ್ರ ಹೇಳಿದೆ. ಅದರ ಒಳಗಿನಿಂದ ಬರುತ್ತಿದ್ದದ್ದರ ಬಗ್ಗೆ ಅವರು ಕೇಳಲಿಲ್ಲ, ನಾನು ಯೋಚಿಸಲಿಲ್ಲ.

ಮನೆಗೆ ಬಂದರೆ ತಲೆ ಸಿಡಿಯುತ್ತಿತ್ತು. ಮೆದುಳಿನ ಗೆಡ್ಡೆ ಇರಬಹುದೆಂದು ಮಾರನೆಯ ದಿನವೇ ಡಾಕ್ಟರ ಹತ್ತಿರ ಓಡಿದೆ. ಬಿಪಿ ನೋಡಿದರು, ಇಸಿಜಿ ಮಾಡಿಸಿದರು, ಉಪ್ಪು ಕಡಿಮೆ ಮಾಡಲು ಹೇಳಿದರು. ಕಡಿಮೆ ಮಾಡಿದೆ.

ಸ್ಕೂಟರಿನ ವಿಷಯದಲ್ಲಿ ಹೇಳುವುದಾದರೆ, ಕಾಲೇಜಿನ ವಾಚ್‌ಮನ್ ನಾನು ಬಂದದ್ದು ಗೊತ್ತೇ ಆಗುವುದಿಲ್ಲ ಎಂದು ದೂರಿದ.

ಸೌಂಡಣ್ಣ ಎಂದು ಹೆಸರಾದವರಿಗೆ ಗಲಾಟೆ ಕಂಡರೆ ಆಗುತ್ತಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿದ ಸಂಗತಿ. ಸೈಲೆನ್ಸರಿನ ತುದಿಯಲ್ಲಿ ಸದ್ದು ತಗ್ಗಿಸುವ ಒಂದು ಕೊಳವೆ ಇರುತ್ತದೆ. ಹುಡುಗರಿಗೆಲ್ಲ ಅದನ್ನು ಕೀಳಿಸುವ ಚಪಲ. "ಅಣ್ಣಾ, ಅದು ತೆಗ್ದಾಕಿ ಗುರು, ಕೆಂಗೇರಿ ತನಕ ಕೇಳಿಸ್ಬೇಕು," ಎಂದು ಒಬ್ಬ ಕೇಳಿದ್ದು ನಾನಿದ್ದಾಗಲೇ. "ಮಗಾ, ಯಾವಾಗ್ಲೂ ಕಿರುಚೋನ ಮಾತು ಅವ್ರ ಮನೇಲೇ ಯಾರೂ ಕೇಳಲ್ಲ. ಕೆಂಗೇರಿಯವ್ರು ಕೇಳ್ತಾರಾ?" ಎಂದರು. ಹುಡುಗ ಮುಖ ಸಣ್ಣದು ಮಾಡಿಕೊಂಡು ಕೊಳವೆ ಇಟ್ಟುಕೊಂಡೇ ಹೋದ. ನಾನು ಠಾಣೆಗೆ ಬರೆದಿದ್ದು ಇವರ ಮೇಲೆ.

ಪರಿಚಯವಾದ ಮೇಲೆ ಸಂಜೆ ಕಾಲೇಜಿನಿಂದ ಬರುವಾಗ ಅಲ್ಲಿ ಒಂದು ಗಳಿಗೆ ನಿಲ್ಲುವುದು ಅಭ್ಯಾಸವಾಯಿತು. ಹೆಚ್ಚಿನ ದಿನ ಅವರು ಹೊರಗಿನ ಮೆಟ್ಟಿಲಿನ ಮೇಲೆ ಹಣೆ ಒತ್ತಿಕೊಂಡು ಕೂತಿರುತ್ತಿದ್ದರು.

"ಸಾರ್, ನಿಮ್ ಹತ್ರ ತಲೆನೋವಿನ ಮಾತ್ರೆ ಇದ್ಯಾ?"

ಇರುತ್ತದೆಯೇ ಎಂದು ನನ್ನನ್ನು ಕೇಳುವುದೇ! ಜಿಪ್ ಚೀಲ ತೆರೆದು ಮೊದಲ ದಿನ ಒಂದು ಮಾತ್ರೆ ಕೊಟ್ಟೆ. ಆಮೇಲೆ ಒಂದು ಪೂರ್ತಿ ಶೀಟು. ಆಮೇಲೆ ಅವರಿಗೆಂದೇ ಬೇರೆ ತಂದಿಡುತ್ತಿದ್ದೆ. ಕೆಲವು ದಿನ ವಾಂತಿ ಬಂದ ಹಾಗಾಗುತ್ತದೆ ಎಂದರು. ಗ್ಯಾಸ್ಟ್ರಿಕ್ ಎಂದು ಅದಕ್ಕೂ ಕೊಟ್ಟೆ. ಒಂದು ಸಂಜೆ ಕೈಯಲ್ಲಿ ಜೆಟ್ ಹಿಡಿದುಕೊಂಡು ಅದು ಯಾವ ಗಾಡಿಯದು ಎಂದು ಮರೆತು ನಿಂತಿದ್ದರು. ಕಣ್ಣು ಪರೀಕ್ಷೆ ಮಾಡಿಸಿ ಎಂದೆ. ಮಾಡಿಸಿ, ಕನ್ನಡಕ ಹಾಕಿಕೊಂಡು ಬಂದು, "ಹೆಂಗೆ ಸಾರ್, ಲೆಕ್ಚರರ್ ಥರ ಕಾಣ್ತೀನಾ?" ಎಂದು ನಕ್ಕರು.

"ಒಂದು ವಿಚಿತ್ರ ಗೊತ್ತಾ ಸಾರ್? ಸೋಮವಾರ ತಲೆನೋವು ಬರೋದೇ ಇಲ್ಲ," ಎಂದರು ಒಮ್ಮೆ. ಸೋಮವಾರ ಅಂಗಡಿಗೆ ರಜ. "ನಂಗೆ ಕೆಲಸ ಅಂದ್ರೆ ಅಲರ್ಜಿ ಅನ್ಸತ್ತೆ."

ಇಬ್ಬರೂ ನಕ್ಕೆವು. ಹೊರಗೆ ಕೂತರೆ ಹತ್ತು ನಿಮಿಷಕ್ಕೆ ಸರಿಹೋಗುತ್ತದೆ ಎಂದೂ ಹೇಳಿದ್ದರು. ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ? ನನ್ನ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಇಷ್ಟೂ ಲಕ್ಷಣ ಓದಿ ಉತ್ತರ ಬರೆಯದಿದ್ದರೆ ಫೇಲು ಮಾಡುತ್ತಿದ್ದೆ. ಅಂಗಡಿಯ ಮೂಲೆಯಲ್ಲಿ ಹಳೆಯ ಟೈರಿನೊಳಗೆ ಮಲಗುತ್ತಿದ್ದ ಬೀದಿ ಬೆಕ್ಕೊಂದು ಶಟರ್ ಇಳಿಸಲು ಶುರುವಾದ ಒಂದೆರಡು ವಾರಕ್ಕೇ ಹೊರಗೆ ಮಲಗತೊಡಗಿತ್ತು. ಅದಕ್ಕೆ ತಿಳಿದಿತ್ತು. ಅದು ಕೆಮಿಸ್ಟ್ರಿ ಓದಿರಲಿಲ್ಲ.

ಆ ಗುರುವಾರ ನನಗೆ ಕಾಲೇಜು ಇರಲಿಲ್ಲ. ಚಳಿ ಹೆಚ್ಚು. ಊಟ ಮಾಡಿ ಉತ್ತರಪತ್ರಿಕೆ ತಿದ್ದಲು ಕೂತೆ. ಎದುರಿಗೆ ಶಟರ್ ಇಳಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಎಂಜಿನ್ ಏರುವುದು, ಇಳಿಯುವುದು, ಪಟ್ ಎನ್ನುವುದು. ಆಮೇಲೆ ಹದ ಸಿಕ್ಕಿತು. ತಗ್ಗಿದ, ಒಂದೇ ಸಮದ ಗುನುಗು. ಕಂಬಳಿಯ ಆಚೆಯಿಂದ ಬರುತ್ತಿದ್ದ ಆ ಸದ್ದು ಎಷ್ಟು ಹಿತವಾಗಿತ್ತೆಂದರೆ ನಾನು ಪೆನ್ನು ಕೆಳಗಿಟ್ಟು ಕೇಳಿದೆ. ಹದ ಸಿಕ್ಕ ಮೇಲೂ ಯಾಕೆ ಆರಿಸುತ್ತಿಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಕೇಳುತ್ತಾ ಕೂತಿರಬಹುದು, ಅವರಿಗೆ ತಮ್ಮ ಕೆಲಸವನ್ನು ತಾವೇ ಕೇಳುವ ಚಟ ಎಂದುಕೊಂಡೆ. ಹಾಗೆಯೇ ನಿದ್ದೆ ಹತ್ತಿತು. ಗ್ಯಾಸ್ ಸಿಲಿಂಡರಿಗೆ ಮೂರು ಸಲ ಏಳುವವನಿಗೆ ಆ ಮಧ್ಯಾಹ್ನ ಗಾಢ ನಿದ್ದೆ.

ಎಚ್ಚರವಾದದ್ದು ಶಟರ್ ಬಡಿಯುವ ಸದ್ದಿಗೆ. ಗಾಡಿಯ ಯಜಮಾನ ಬಂದಿದ್ದ. ಇಬ್ಬರು ಮೂವರು ಸೇರಿ ಶಟರ್ ಎತ್ತಿದರು. ನಾನು ರಸ್ತೆ ದಾಟುವಷ್ಟರಲ್ಲಿ ಅವರನ್ನು ಹೊರಗೆ ಎಳೆದು ಮಲಗಿಸಿದ್ದರು. ಹೊಸ ಕನ್ನಡಕ ಮೂಗಿನ ಮೇಲೇ ಇತ್ತು. ಒಳಗೆ ಸ್ಕೂಟರ್ ಇನ್ನೂ ಓಡುತ್ತಿತ್ತು, ಒಂದೇ ಒಂದು ಅಪಸ್ವರವಿಲ್ಲದೆ. ಅದನ್ನು ಆರಿಸುವುದು ಬಹಳ ಹೊತ್ತು ಯಾರಿಗೂ ತೋಚಲಿಲ್ಲ.

ಮುಚ್ಚಿದ ಶಟರು, ಸಂದಿಗೆ ಒತ್ತಿದ ಕಂಬಳಿ, ಆರಿಸಿದ ಫ್ಯಾನು. ಪೊಲೀಸರು ಮೂರನ್ನೂ ಬರೆದುಕೊಂಡರು. ನೋಡಿದವರೆಲ್ಲರೂ ಅದನ್ನು ಒಂದೇ ರೀತಿ ಓದಿದರು. ನನ್ನ ಹೆಂಡತಿಯೂ, "ಪಾಪ, ಮನೇಲಿ ಏನ್ ಕಷ್ಟ ಇತ್ತೋ," ಎಂದಳು. ಅಷ್ಟು ಹೊತ್ತಿಗೆ ನನಗೆ ಎಲ್ಲವೂ ಹೊಳೆದಿತ್ತು. ತಲೆನೋವು, ವಾಂತಿ, ಮರೆವು, ಸೋಮವಾರ. ಅರ್ಜಿಯ ಬಗ್ಗೆ ಅವಳಿಗೂ ಹೇಳಿರಲಿಲ್ಲ. ಅಂದೂ ಹೇಳಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಅವರ ಹೆಂಡತಿ ಅಂಗಡಿಗೆ ಬಂದರು. ಮಾರನೆಯ ದಿನ ತಿಥಿ. ಎಡೆಯ ಮುಂದೆ ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕು. ಕಿವಿಯ ಮೇಲಿನ ಆ ಸಣ್ಣ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು. ನಾನು ಹೋಗಿ ಬಾಗಿಲಲ್ಲಿ ನಿಂತೆ.

"ನೀವು ಮಾತ್ರೆ ಸಾರ್ ಅಲ್ವಾ? ಮನೇಲಿ ಹೇಳ್ತಿದ್ರು," ಎಂದರು. ಸ್ಟೂಲಿನ ಕೆಳಗೆ ಸಿಕ್ಕ ಸ್ಕ್ರೂಡ್ರೈವರನ್ನು ಎತ್ತಿಕೊಂಡು ಹೇಳಿದರು: "ಸಾರ್, ಅವತ್ತು ಬೆಳಿಗ್ಗೆ ಅವ್ರ ಜೊತೆ ಜಗಳ ಆಡಿದ್ದೆ. ನಮ್ಮಕ್ಕನ ಮನೆ ಗೃಹಪ್ರವೇಶ. ಬರಲ್ಲ, ಗಾಡಿ ಕೊಡ್ಬೇಕು ಅಂದ್ರು. ಗಾಡಿಗಳ ಜೊತೇಲೇ ಸಾಯಿ ಹೋಗು ಅಂದ್ಬಿಟ್ಟೆ ಸಾರ್. ನಮ್ಮತ್ತೆ ಪಕ್ಕದಲ್ಲೇ ಇದ್ರು. ಹತ್ತು ದಿನದಿಂದ ನನ್ ಹತ್ರ ಮಾತಾಡಿಲ್ಲ. ಬರೀ ನೋಡ್ತಾ ಇರ್ತಾರೆ."

ನಾನು ಹೇಳಿದೆ. ಫ್ಯಾನು ಆರಿಸಿದ್ದು ಕಿವಿಗಾಗಿ, ಎಲ್ಲ ದಿನವೂ ಆರಿಸುತ್ತಿದ್ದರು. ಕಂಬಳಿ ಇಟ್ಟಿದ್ದು ಬೀದಿಯವರಿಗೆ ತೊಂದರೆಯಾಗದಿರಲೆಂದು, ತಿಂಗಳುಗಳಿಂದ ಇಡುತ್ತಿದ್ದರು. ಆ ಹೊಗೆಯೊಳಗಿನ ವಿಷ ಮೂಗಿಗೆ ತಿಳಿಯುವುದಿಲ್ಲ, ಕೂತಲ್ಲೇ ಮಂಪರು ತರುತ್ತದೆ. ತಲೆನೋವು ಅದರದ್ದೇ. ಇಷ್ಟನ್ನು ಪಾಠದ ಹಾಗೆ ಸರಾಗವಾಗಿ ಹೇಳಿ, ಆಮೇಲೆ ಉಳಿದದ್ದನ್ನೂ ಹೇಳಿದೆ. ಶಟರ್ ಹಾಕುವಂತಾದದ್ದು ಒಂದು ಅರ್ಜಿಯಿಂದ. ಬರೆದವರು ಬೀದಿಯವರೆಲ್ಲ ಅಲ್ಲ, ನಾನು.

ಅವರು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೇ ನೋಡುತ್ತಿದ್ದರು. "ಹಂಗಾದ್ರೆ ನಾನ್ ಅಂದಿದ್ದಕ್ಕಲ್ಲ," ಎಂದರು. ಮತ್ತೊಮ್ಮೆ, ಬೇರೆ ಯಾರಿಗೋ ಹೇಳುವಂತೆ, "ನಾನ್ ಅಂದಿದ್ದಕ್ಕಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ನಾಳೆ ಮಲ್ಲತ್ತಹಳ್ಳಿಗೆ, ನಮ್ಮನೆಗೆ ಬನ್ನಿ ಸಾರ್. ಇದನ್ನೇ ನಮ್ಮತ್ತೆ ಮುಂದೆ ಹೇಳಿ. ನಾನ್ ಹೇಳಿದ್ರೆ ನಂಬಲ್ಲ. ಎಲ್ಲಾನೂ ಹೇಳ್ಬೇಕು."

ಮನೆಗೆ ಬಂದು ಹೆಂಡತಿಗೆ ಅರ್ಜಿಯ ವಿಷಯವನ್ನೂ ಸೇರಿಸಿ ಎಲ್ಲ ತಿಳಿಸಿದೆ. ನೆಂಟರೆಲ್ಲ ಸೇರಿರುತ್ತಾರೆ, ಗಂಡಸರು ಇರುತ್ತಾರೆ, ಹೊಡೆಯಲೂಬಹುದು ಎಂದೆ. ಅವಳು ಎದ್ದು ಬೀರು ತೆರೆದಳು. ಆಮೇಲೆ, "ಬಿಳಿ ಶರ್ಟ್ ಇಸ್ತ್ರಿ ಮಾಡಿಡ್ತೀನಿ," ಎಂದಳು.

ಮಲ್ಲತ್ತಹಳ್ಳಿಯ ಆ ಹಳೆಯ ಬೀದಿಯಲ್ಲಿ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಐವತ್ತು ಅರವತ್ತು ಜನ. ಫೋಟೋದ ಪಕ್ಕದಲ್ಲಿ ಚಾಪೆಯ ಮೇಲೆ ಅವರ ತಾಯಿ ಕೂತಿದ್ದರು. ಎದುರಿನ ಕಂಬಕ್ಕೆ ಒರಗಿ ಸೊಸೆ. ತಾಯಿಯ ದೃಷ್ಟಿ ಸೊಸೆಯ ಮೇಲಿತ್ತು. ನಾನು ಚಪ್ಪಲಿ ಬಿಟ್ಟು ಹೋಗಿ, ಚಾಪೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದನ್ನು ಮೆಲ್ಲಗೆ ಹೇಳಿದೆ. ಬೇರೆ ಯಾರಿಗೂ ಕೇಳಿಸದಿದ್ದರೆ ಸಾಕೆಂಬ ಆಸೆ ಆಗಲೂ ಇತ್ತು.

"ಏನಂತವ್ರೆ ಇವ್ರು?" ಎಂದು ಆಕೆ ಪಕ್ಕದವರನ್ನು ಕೇಳಿದರು.

"ಸ್ವಲ್ಪ ಗಟ್ಟಿಯಾಗಿ ಹೇಳಿ ಸಾರ್, ಅಜ್ಜಿಗೆ ಕಿವಿ ಮಂದ," ಎಂದರು ಯಾರೋ.

ಮತ್ತೆ ಹೇಳಿದೆ. ಶಾಮಿಯಾನದಲ್ಲಿ ಒಂದೆರಡು ತಲೆಗಳು ಇತ್ತ ತಿರುಗಿದವು. ಬೇಕಂತ ಮಾಡ್ಕೊಂಡಿದ್ದಲ್ಲ, ನಿಮ್ಮ ಸೊಸೆದೇನೂ ತಪ್ಪಿಲ್ಲ, ಶಟರ್ ಹಾಕೋ ಹಾಗೆ ಮಾಡಿದ್ದು ಒಂದು ಕಂಪ್ಲೇಂಟು.

ಆಕೆ ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಬಾಗಿದರು. "ಯಾರಪ್ಪ ಅದ ಬರ್ದೋನು?"

"ನಾನು."

"ಕೇಳ್ನಿಲ್ಲ ಕಣಪ್ಪ."

ಅಡುಗೆಯವರ ಸೌಟಿನ ಸದ್ದು ನಿಂತಿತ್ತು. ಹೊಟ್ಟೆಯಿಂದ ದನಿ ಎತ್ತಿ, ಬೀದಿಯ ಕೊನೆಯವರೆಗೂ ಕೇಳಿಸುವಷ್ಟು ಜೋರಾಗಿ ಕೂಗಿದೆ: "ನಾನೇ ಅಮ್ಮಾ! ನಾನೊಬ್ಬನೇ!"

ಹತ್ತು ದಿನಗಳಿಂದ ಸೊಸೆಯ ಮೇಲಿದ್ದ ಆ ಎರಡು ಕಣ್ಣುಗಳು ನಿಧಾನವಾಗಿ ತಿರುಗಿ ನನ್ನ ಮೇಲೆ ಬಂದು ನಿಂತವು.